ತಾಮ್ರದ ಕಾಸಿಗೂ ಒಂದು ಚೀಟಿ ಬರೆಸಿ: ಹಾವೇರಿ ಜಿಲ್ಲಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳೇ,

ನಮಸ್ಕಾರ. ನಾನು ಹಾನಗಲ್ ತಾಲ್ಲೂಕಿನವನು. ಹಳೆ ನಾಣ್ಯ ನೋಡುವ ಹುಚ್ಚಿದೆ, ಕೊಳ್ಳುವ ಹುಚ್ಚಿಲ್ಲ.

ನಮ್ಮ ಅಕ್ಕಿಆಲೂರಿನಲ್ಲಿ ರೋಮನ್ ಚಿನ್ನದ ನಾಣ್ಯಗಳು ಸಿಕ್ಕಿದ್ದವು ಎಂದರೆ ಊರಿನವರೇ ನಂಬುವುದಿಲ್ಲ. ಅವುಗಳಲ್ಲಿ ಎರಡನೇ ಥಿಯೊಡೋಸಿಯಸ್‌ನಿಂದ ಒಂದನೇ ಜಸ್ಟಿನ್‌ವರೆಗಿನ ಚಕ್ರವರ್ತಿಗಳವೂ ಇದ್ದವು. ಅಂದರೆ 5–6ನೇ ಶತಮಾನ, ಬನವಾಸಿಯಲ್ಲಿ ಕದಂಬರಿದ್ದ ಕಾಲ!

ಚಿನ್ನ ಸಿಕ್ಕರೆ ಸುದ್ದಿಯಾದರೂ ಆಗುತ್ತದೆ. ನನ್ನ ಚಿಂತೆ ತಾಮ್ರದ್ದು. 4–5ನೇ ಶತಮಾನದ ರೋಮನ್ ತಾಮ್ರದ ಕಾಸುಗಳಲ್ಲಿ ಬಹಳಷ್ಟು ಉಗುರಿನಷ್ಟೇ ಇರುತ್ತವೆ, ತೂಕ ಒಂದೆರಡು ಗ್ರಾಂ. ಕರೂರಿನ ಅಮರಾವತಿ ಹೊಳೆಯ ಮರಳಿನಲ್ಲಿ, ಮಧುರೆಯಲ್ಲಿ, ಶ್ರೀಲಂಕಾದಲ್ಲಿ ರಾಶಿ ರಾಶಿ ಸಿಕ್ಕಿವೆ. ನಮ್ಮಲ್ಲಿ ರಂಟೆ ಹೊಡೆಯುವಾಗ ಅಂಥದ್ದು ಮೇಲೆ ಬಂದರೆ ಯಾರಿಗೆ ಗೊತ್ತಾಗಬೇಕು? ಗುಜರಿಗೆ ಹೋಗುತ್ತದೆ. ಇಲ್ಲವೇ ಹುಣಸೆಹಣ್ಣು ಹಾಕಿ ತಿಕ್ಕುತ್ತಾರೆ. ಹೊಳಪು ಬರುತ್ತದೆ, ಅಕ್ಷರ ಹೋಗುತ್ತದೆ.

ಅಕ್ಷರ ಸವೆದಿದ್ದರೂ ಚಿತ್ರದಿಂದ ಕಾಲ ಹೇಳಬಹುದು. ಕುದುರೆಯಿಂದ ಉರುಳುತ್ತಿರುವವನನ್ನು ಸೈನಿಕ ಈಟಿಯಿಂದ ತಿವಿಯುತ್ತಿದ್ದರೆ ಹೆಚ್ಚುಕಡಿಮೆ 348ರಿಂದ 361ರೊಳಗಿನದು. ಒಂದೇ ಧ್ವಜದ ಎರಡೂ ಪಕ್ಕ ಸೈನಿಕರು ನಿಂತಿದ್ದರೆ ಅದಕ್ಕೂ ಸ್ವಲ್ಪ ಹಿಂದಿನದು. ಆದರೆ ಎಲ್ಲಿ ಸಿಕ್ಕಿತು ಎಂಬುದನ್ನು ಯಾವ ಚಿತ್ರವೂ ಹೇಳುವುದಿಲ್ಲ. ನಮ್ಮ ಅಜ್ಜನ ಸುಣ್ಣದ ಡಬ್ಬಿಯಲ್ಲಿ ಸವೆದ ತಾಮ್ರದ ಕಾಸೊಂದಿತ್ತು. ಯಾವ ಹೊಲದ್ದು ಅಂತ ನಾವ್ಯಾರೂ ಕೇಳಲಿಲ್ಲ. ಈಗ ಅಜ್ಜನೂ ಇಲ್ಲ, ಕಾಸೂ ಇಲ್ಲ.

ನಿಧಿ ಸಿಕ್ಕರೆ ನಿಮಗೆ ತಿಳಿಸಬೇಕೆಂಬ ಕಾನೂನಿದೆ, ಗೊತ್ತು. ಆದರೆ ‘ನಿಧಿ’ ಎಂದ ಕೂಡಲೇ ಜನ ಬಾಯಿ ಮುಚ್ಚಿಕೊಳ್ಳುತ್ತಾರೆ. ಪೊಲೀಸರು ಬಂದಾರು, ಹೊಲ ಅಗೆದಾರು ಎಂಬ ಭಯ. ಸುಮ್ನೆ ಯಾಕೆ ತಾಪತ್ರಯ, ಅಲ್ವಾ? ಇಂಗ್ಲೆಂಡಿನಲ್ಲಿ 1997ರಿಂದ ಬೇರೆ ದಾರಿ ಹಿಡಿದಿದ್ದಾರೆ. ಸಿಕ್ಕಿದ್ದನ್ನು ಆ ಭಾಗದ ಅಧಿಕಾರಿಗೆ ತೋರಿಸಿದರೆ ಫೋಟೊ, ತೂಕ, ಜಾಗ ಬರೆದುಕೊಳ್ಳುತ್ತಾರೆ. ಕಾನೂನಿನ ಲೆಕ್ಕದಲ್ಲಿ ನಿಧಿ ಅಲ್ಲದಿದ್ದರೆ ವಾಪಸ್ ಕೊಡುತ್ತಾರೆ. ಹೀಗೆ 15 ಲಕ್ಷಕ್ಕೂ ಜಾಸ್ತಿ ವಸ್ತುಗಳು ದಾಖಲಾಗಿವೆ.

ನಮ್ಮ ಕಾನೂನು ಬೇರೆ, ಒಪ್ಪುತ್ತೇನೆ. ಆದರೂ ಪ್ರತಿ ನಾಡಕಚೇರಿಯಲ್ಲಿ ಒಂದು ಪುಟದ ನಮೂನೆ ಇಡಿಸಬಹುದಲ್ಲ? ಎರಡೂ ಮುಖದ ಫೋಟೊ, ತೂಕ, ಸರ್ವೆ ನಂಬರ್, ಸಿಕ್ಕ ದಿನ. ತಂದುಕೊಟ್ಟವರಿಗೆ ಸಹಿ ಹಾಕಿದ ಸ್ವೀಕೃತಿ. ‘ತೊಳೆಯಬೇಡಿ, ತಿಕ್ಕಬೇಡಿ’ ಎಂದು ದಪ್ಪ ಅಕ್ಷರದ ಒಂದು ಸಾಲು. ತಲಾಟಿಗಳಿಗೆ ಅರ್ಧ ದಿನದ ತರಬೇತಿ ಸಾಕು, ನಾಣ್ಯ ಗುರುತಿಸುವುದನ್ನು ಪುರಾತತ್ವ ಇಲಾಖೆಯವರು ನೋಡಿಕೊಳ್ಳಲಿ.

ಮುಂಗಾರಿನ ಉಳುಮೆ ಶುರುವಾಗುವ ಮೊದಲೇ ಆದರೆ ಒಳ್ಳೆಯದು.

ಇಂತಿ,
ಹಾನಗಲ್ ತಾಲ್ಲೂಕಿನ ಒಬ್ಬ ರೈತನ ಮಗ