ಕ್ರೀಟ್‌ಗೆ ಎರಡು ದಿನ ಸಾಲಲ್ಲ

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣೀಲಿ ಗ್ರೀಸ್ ದ್ವೀಪಗಳ ಬಗ್ಗೆ ಬಂದಿದ್ದ ಬರಹ ಓದ್ದೆ. ಫೋಟೋಗಳು ಚೆನ್ನಾಗಿದ್ವು, ಆದ್ರೆ ಸ್ಯಾಂಟೊರಿನಿಯ ನೀಲಿ ಗುಮ್ಮಟ, ಮಿಕೊನೊಸ್‌ನ ಗಾಳಿಯಂತ್ರ, ಅಷ್ಟಕ್ಕೇ ಗ್ರೀಸ್ ಮುಗಿದುಹೋಯ್ತು. ಕ್ರೀಟ್‌ಗೆ ಸಿಕ್ಕಿದ್ದು ಒಂದೇ ಒಂದು ಸಾಲು, ಟೈಮ್ ಇದ್ರೆ ಎರಡು ದಿನ ಹೋಗಿಬರಬಹುದು ಅಂತ. ಅದನ್ನ ಓದಿ ಸುಮ್ನಿರಕ್ಕಾಗ್ಲಿಲ್ಲ, ಅದಕ್ಕೇ ಈ ಪತ್ರ. 2025ರ ಸೆಪ್ಟೆಂಬರ್ ಕೊನೇಲಿ ನಾನು, ನಮ್ಮನೆಯವರು ಎಂಟು ದಿನ ಅಲ್ಲಿದ್ವಿ, ಆದ್ರೂ ದ್ವೀಪದ ಪೂರ್ವ ಭಾಗ ಪೂರ್ತಿ ಬಿಟ್ಟೇ ವಾಪಸ್ ಬರ್ಬೇಕಾಯ್ತು.

ಮೊದಲನೇದಾಗಿ ಅದು ಚಿಕ್ಕ ಜಾಗ ಅಲ್ಲ. ಗ್ರೀಸ್‌ನ ದ್ವೀಪಗಳಲ್ಲೆಲ್ಲಾ ದೊಡ್ಡದು, ಉದ್ದಾನೇ ಸುಮಾರು 260 ಕಿಲೋಮೀಟರ್, ನಡುವೆ 2400 ಮೀಟರ್ ದಾಟೋ ಬೆಟ್ಟಗಳು. ದ್ವೀಪದ ದೊಡ್ಡ ಊರು ಹೆರಾಕ್ಲಿಯನ್‌ನಿಂದ ಪಶ್ಚಿಮದ ಹನ್ಯಾಗೆ (ಇಂಗ್ಲಿಷ್ ಬೋರ್ಡ್ ನೋಡಿ ಚಾನಿಯಾ ಅಂದ್ರೆ ಅಲ್ಲಿನವರು ನಕ್ಕು ತಿದ್ದುತಾರೆ) ಬಸ್ಸಲ್ಲೇ ಹೆಚ್ಚುಕಮ್ಮಿ ಮೂರು ಗಂಟೆ. ಎರಡು ದಿನದಲ್ಲಿ ಏನ್ ನೋಡೋದು ಹೇಳಿ.

ಮಿನೋವನ್ನರು ಅನ್ನೋ ಪ್ರಾಚೀನ ಜನ ಕಟ್ಟಿದ ಕ್ನೊಸೊಸ್ ಅರಮನೆ ಹೆರಾಕ್ಲಿಯನ್‌ನಿಂದ ಐದು ಕಿಲೋಮೀಟರ್ ಅಷ್ಟೇ. ಎಲ್ರೂ ಹೇಳೋದು 1900ರಲ್ಲಿ ಅಗೆಯೋಕೆ ಶುರು ಮಾಡಿದ ಇಂಗ್ಲೆಂಡಿನ ಪುರಾತತ್ವಜ್ಞ ಆರ್ಥರ್ ಇವಾನ್ಸ್ ಹೆಸರು, ಆದ್ರೆ ಅದಕ್ಕೂ ಮುಂಚೆ 1878ರಲ್ಲೇ ಹೆರಾಕ್ಲಿಯನ್ನಿನವರೇ ಆದ ಮಿನೋಸ್ ಕಲೊಕೆರಿನೊಸ್ ಅಲ್ಲಿ ಅಗೆದು ಉಗ್ರಾಣದ ಗುಡಾಣಗಳನ್ನ ಹೊರಗೆ ತೆಗೆದಿದ್ರು, ಅವರ ಹೆಸರು ಯಾಕೋ ಯಾರೂ ಎತ್ತಲ್ಲ. ಇವಾನ್ಸ್ ಕಾಂಕ್ರೀಟ್ ಹಾಕಿ ಎಬ್ಬಿಸಿರೋ ಕೆಂಪು ಕಂಬಗಳಿಗಿಂತ ನಂಗೆ ಮನಸ್ಸಿಗೆ ಹತ್ತಿದ್ದು ಆ ಗುಡಾಣಗಳೇ. ಆಳೆತ್ತರ ಇದಾವೆ, ಎಣ್ಣೆ, ವೈನ್, ಕಾಳು ತುಂಬಿಡ್ತಿದ್ದಂಥವು, ಮೂರೂವರೆ ಸಾವಿರ ವರ್ಷದ ಹಿಂದೆ. ಅಲ್ಲಿ ಸಿಕ್ಕಿದ ಮಣ್ಣಿನ ಹಲಗೆಗಳಲ್ಲಿ ಒಂದಕ್ಕಿಂತ ಹೆಚ್ಚು ಥರದ ಲಿಪಿ, ಒಂದನ್ನ 1952ರಲ್ಲಿ ಮೈಕೆಲ್ ವೆಂಟ್ರಿಸ್ ಅನ್ನೋ ಆರ್ಕಿಟೆಕ್ಟ್ ಬಿಡಿಸಿ ಓದಿದ್ರು, ಓದಿದ್ರೆ ಒಳಗಿದ್ದಿದ್ದು ಕುರಿ ಲೆಕ್ಕ, ಉಣ್ಣೆ ಲೆಕ್ಕ, ಎಣ್ಣೆ ಲೆಕ್ಕ. ಉಳಿದ ಲಿಪೀನ ಇವತ್ತಿಗೂ ಯಾರಿಗೂ ಓದಕ್ಕಾಗಿಲ್ಲ. 2025ರಲ್ಲಿ ಕ್ನೊಸೊಸ್ ಸೇರಿ ಆರು ಮಿನೋವನ್ ತಾಣಗಳು ಯುನೆಸ್ಕೊ ಪಟ್ಟಿಗೆ ಬಂದಿವೆ, ಇದಾದ್ರೂ ನಿಮ್ಮ ಬರಹದಲ್ಲಿ ಇರಬೇಕಿತ್ತು. ಹೋಗೋರು ಹೆರಾಕ್ಲಿಯನ್ ಮ್ಯೂಸಿಯಂ ಮಾತ್ರ ತಪ್ಪಿಸ್ಬೇಡಿ, ಅರಮನೇಲಿ ಕಾಣೋ ಚಿತ್ರಗಳೆಲ್ಲ ನಕಲು, ಅಸಲಿ ತುಂಡುಗಳು ಇರೋದು ಅಲ್ಲೇ.

ಒಂದಿನ ಬಾಡಿಗೆ ಕಾರ್ ತಗೊಂಡು ದಕ್ಷಿಣಕ್ಕೆ ಹೋದ್ವಿ (ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಇಟ್ಕೊಂಡಿರಿ). ದಾರೀಲಿ ಗೊರ್ಟಿನ್, ಪಾಳುಬಿದ್ದ ಹಳೇ ಪಟ್ಟಣ. ಟೂರ್ ಬಸ್ಸುಗಳು ಸಾಮಾನ್ಯವಾಗಿ ಇಲ್ಲಿ ಹೆಚ್ಚು ಹೊತ್ತು ನಿಲ್ಲಲ್ಲ, ನಾವು ಎರಡು ಗಂಟೆ ಇದ್ವಿ. ಕ್ರಿಸ್ತಪೂರ್ವ 5ನೇ ಶತಮಾನದ ಕಾನೂನನ್ನ ಗೋಡೆ ಮೇಲೆ ಕಲ್ಲಲ್ಲಿ ಕೊರೆದಿದಾರೆ, 600ಕ್ಕೂ ಹೆಚ್ಚು ಸಾಲು. ಒಂದು ಸಾಲು ಬಲದಿಂದ ಎಡಕ್ಕೆ, ಮುಂದಿಂದು ಎಡದಿಂದ ಬಲಕ್ಕೆ, ಉಳುವಾಗ ಎತ್ತು ಹೊಲದ ಅಂಚಿಗೆ ಹೋಗಿ ತಿರುಗಿಕೊಂಡು ಬರುತ್ತಲ್ಲ ಹಾಗೇ, ಗ್ರೀಕಲ್ಲಿ ಈ ಬರವಣಿಗೆಗೆ ಇರೋ ಹೆಸರಿನ ಅರ್ಥಾನೂ ಅದೇ, ಎತ್ತು ತಿರುಗೋ ಹಾಗೆ ಅಂತ. ಗಂಡ ಹೆಂಡತಿ ಬೇರೆಯಾದ್ರೆ ಹೆಂಡತಿ ತಂದಿದ್ದ ಆಸ್ತಿ ಅವಳಿಗೇ ಅನ್ನೋದು, ಹೆಣ್ಣುಮಕ್ಕಳಿಗೆ ಅಪ್ಪನ ಆಸ್ತೀಲಿ ಪಾಲು (ಗಂಡುಮಕ್ಕಳ ಪಾಲಿನ ಅರ್ಧ) ಅನ್ನೋದು ಅದ್ರಲ್ಲಿದೆ. ಅದನ್ನ ಓದಿ ಹೇಳ್ದಾಗ ನಮ್ಮನೆಯವರು ಸುಮಾರು ಹೊತ್ತು ಆ ಗೋಡೆ ಮುಂದಿಂದ ಅಲುಗಾಡ್ಲೇ ಇಲ್ಲ. ಅಲ್ಲಿಂದ ಅರ್ಧ ಮುಕ್ಕಾಲು ಗಂಟೆಗೆ ಮತಾಲಾ ಬೀಚ್, ಸಮುದ್ರದ ಪಕ್ಕದ ಬಂಡೇಲಿ ಸಾಲು ಸಾಲು ಗುಹೆ, ರೋಮನ್ನರ ಕಾಲದಲ್ಲಿ ಹೆಣ ಹೂಳ್ತಿದ್ದ ಜಾಗ, 1960ರ ದಶಕದಲ್ಲಿ ಹಿಪ್ಪಿಗಳು ಮನೆ ಮಾಡ್ಕೊಂಡಿದ್ರು. ಬೀಚು ಬೇರೆ ಹೆರಿಟೇಜ್ ಬೇರೆ ಅಂತ ವಿಂಗಡಿಸಿ ಬರೆಯೋದು ಈ ಊರಿಗೆ ಒಪ್ಪಲ್ಲ, ಅದನ್ನೇ ನಾನು ಹೇಳ್ತಿರೋದು.

ಊಟಾನೂ ಹಾಗೇ. ನಾವಿಬ್ರೂ ಸಸ್ಯಾಹಾರಿಗಳು, ಹೊರಡೋ ಮುಂಚೆ ಭಯ ಇತ್ತು, ಒಂದಿನಾನೂ ಹಸ್ಕೊಂಡು ಮಲಗಲಿಲ್ಲ. ದಾಕೊಸ್ ಅಂತ ಬರುತ್ತೆ, ಬಾರ್ಲಿಯ ಗಟ್ಟಿ ರಸ್ಕ್ ಮೇಲೆ ತುರಿದ ಟೊಮೆಟೊ, ಮಿಜಿತ್ರಾ ಅನ್ನೋ ಮೆತ್ತನೆ ಚೀಸು, ಮೇಲೆ ಕೈ ಬಿಗಿ ಹಿಡಿಯದೆ ಸುರಿದ ಆಲಿವ್ ಎಣ್ಣೆ, ಆ ಎಣ್ಣೆ ರಸ್ಕಿಗೆ ಇಳಿಯೋವರೆಗೆ ಸ್ವಲ್ಪ ಕಾದು ತಿನ್ಬೇಕು. ಹೋರ್ತಾ ಅಂದ್ರೆ ಬೆಟ್ಟದಲ್ಲಿ ತಾನಾಗೇ ಬೆಳೆಯೋ ಸೊಪ್ಪು ಬೇಯಿಸಿ ಎಣ್ಣೆ ನಿಂಬೆ ಹಾಕಿರೋದು, ದಿನಾ ತಿಂದ್ವಿ. ನೆನಪಿಟ್ಕೊಳ್ಳಬೇಕಾದ ಮಾತು ಒಂದಿದೆ, ನಿಸ್ತಿಸಿಮೊ. ಅವರ ಚರ್ಚಿನ ಉಪವಾಸದ ದಿನಗಳಲ್ಲಿ ತಿನ್ನೋ ಅಡುಗೆ, ಮಾಂಸ ಮೊಟ್ಟೆ ಹಾಲು ಯಾವುದೂ ಇರಲ್ಲ, ಹಾಗಂದ್ರೆ ಹೋಟೆಲವರಿಗೆ ತಕ್ಷಣ ಅರ್ಥ ಆಗುತ್ತೆ (ಕೆಲವು ಸಲ ಸೀಗಡಿ, ಸ್ಕ್ವಿಡ್ ಅದ್ರಲ್ಲಿ ಸೇರುತ್ತೆ, ಅದೊಂದು ಕೇಳ್ಕೊಳ್ಳಿ). ಊಟ ಆದ್ಮೇಲೆ ಬಿಲ್ಲಿಗೆ ಸೇರಿಸ್ದೆ ಹಣ್ಣು, ಪುಟ್ಟ ಬಾಟ್ಲೀಲಿ ರಾಕಿ ಅನ್ನೋ ಮದ್ಯ ತಂದಿಡ್ತಾರೆ, ಕುಡಿಯಲ್ಲ ಅಂದ್ರೆ ಬೇಜಾರೇನಿಲ್ಲ, ಹಣ್ಣು ತಿಂದ್ರಾಯ್ತು.

ಇನ್ನು ಎಲಾಫೊನಿಸಿ ಬೀಚ್. ಮರಳಲ್ಲಿ ಗುಲಾಬಿ ಬಣ್ಣ ಇರೋದು ನಿಜ, ಚಿಪ್ಪಿನ ಪುಡಿಯಿಂದ ಬರುತ್ತೆ, ಮೊಣಕಾಲಷ್ಟು ನೀರಲ್ಲಿ ನಡ್ಕೊಂಡೇ ಎದುರಿಗಿರೋ ನಡುಗಡ್ಡೆಗೆ ಹೋಗಬಹುದು. ಆ ಮರಳು ಒಂದು ಹಿಡೀನೂ ತಗೊಂಡು ಹೋಗಂಗಿಲ್ಲ, ಅದು ಸಂರಕ್ಷಿತ ಜಾಗ. ಆದ್ರೂ ನಮ್ಮ ಪಕ್ಕದಲ್ಲೇ ಕೂತಿದ್ದವರೊಬ್ರು ನೀರಿನ ಬಾಟ್ಲಿಗೆ ತುಂಬಿಸ್ಕೊಂಡ್ರು, ಹೇಳಿದ್ರೂ ಕೇಳ್ಲಿಲ್ಲ, ನಂಗೆ ಆ ಸಂಜೆಯೆಲ್ಲ ಸಂಕಟ ಆಯ್ತು. ದಿನಾ ಸಾವಿರಾರು ಜನ ಬರೋ ಕಡೆ ಒಬ್ಬೊಬ್ರೂ ಒಂದೊಂದು ಬಾಟ್ಲಿ ಅಂದ್ರೆ ಏನುಳಿಯುತ್ತೆ? ಪ್ರವಾಸದ ಪುಟದಲ್ಲಿ ಚೆಂದದ ಫೋಟೋ ಕೆಳಗೆ ಇದನ್ನೂ ಒಂದು ಸಾಲು ಹಾಕಿ ದಯವಿಟ್ಟು. ಜೊತೆಗೆ ಜುಲೈ ಆಗಸ್ಟಲ್ಲಿ ಹೋಗ್ಬೇಡಿ ಅಂತಾನೂ ಬರೀರಿ, ಬಿಸಿಲು, ಗದ್ದಲ, ಮೆಲ್ತೆಮಿ ಅನ್ನೋ ಉತ್ತರದ ಗಾಳಿ ಮೂರೂ ಸೇರುತ್ತೆ. ಅಕ್ಟೋಬರ್‌ವರೆಗೂ ನೀರು ಈಜೋ ಹಾಗೇ ಇರುತ್ತೆ.

ನಾವು ನೋಡ್ದೆ ಬಿಟ್ಟಿದ್ದು ಪೂರ್ವದ ತುದಿ, ಜಾಕ್ರೊಸ್‌ನ ಅರಮನೆ ಮತ್ತೆ ಬೀಚಿಗೇ ಹೊಂದಿಕೊಂಡು ಖರ್ಜೂರದ ಜಾತಿಯ ಕಾಡಿರೋ ವಾಯಿ. ಓದುಗರಲ್ಲಿ ಆ ಕಡೆ ಹೋಗಿಬಂದವರು ಯಾರಾದ್ರೂ ಇದ್ರೆ ಈ ಅಂಕಣಕ್ಕೇ ಬರೀಲಿ, ನಾನು ಕಾಯ್ತಿರ್ತೀನಿ.

ಇಂತಿ,
ನಿಮ್ಮ ಓದುಗಳು