ಡೆಸ್ಕ್‌ಟಾಪ್ ಸಿಎನ್‌ಸಿ ಮತ್ತು ಲೇಸರ್ ತರಬೇತಿ ಕಿಟ್ಟಿನ ಬಗ್ಗೆ ದೂರು

ಇಂದ:
ಭಾನುವಾರದ ಕನ್ನಡ ಬ್ಯಾಚಿನ ಆರು ಮಂದಿ, ಭೋಸರಿ, ಪುಣೆ

ಗೆ:
ವ್ಯವಸ್ಥಾಪಕರು, ತರಬೇತಿ ವಿಭಾಗ

ವಿಷಯ: ಕಿಟ್ಟಿನ ಕನ್ನಡಕ, ಅಭ್ಯಾಸದ ಸಾಮಗ್ರಿ ಮತ್ತು ಕೈಪಿಡಿಯ ಅಂಕಿಗಳನ್ನು ಮುಂದಿನ ಬ್ಯಾಚಿಗೆ ಮೊದಲೇ ಬದಲಿಸುವ ಬಗ್ಗೆ

ಮಾನ್ಯರೇ,

3018 ಎಂಬ ಮೇಜಿನ ಮೇಲಿನ ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಕೆತ್ತನೆ) ಯಂತ್ರ, 5 ವ್ಯಾಟ್‌ನ ಡಯೋಡ್ ಲೇಸರ್, ಜೊತೆಗೆ ನಾಲ್ಕು ಭಾನುವಾರಗಳ ತರಬೇತಿ ಎಂದು ನೀವು ಮಾರಿದ ಕಿಟ್ಟಿನ ಬಗ್ಗೆ ಈ ದೂರು. ಯಂತ್ರದ ಮೇಲೆ ನಮ್ಮ ತಕರಾರಿಲ್ಲ. ಅದನ್ನು ನಡೆಸಲು ನೀವು ಹೇಳಿಕೊಟ್ಟ ರೀತಿಯ ಮೇಲಿದೆ. ನಾವು ಭೋಸರಿ, ಚಿಂಚವಡದ ಕಾರ್ಖಾನೆಗಳಲ್ಲಿ ಲೇತ್, ವಿಎಂಸಿ (ಕಂಪ್ಯೂಟರ್ ನಡೆಸುವ ಮಿಲ್ಲಿಂಗ್ ಯಂತ್ರ) ನಡೆಸುವವರಾದ್ದರಿಂದ ಪ್ರತಿಯೊಂದನ್ನೂ ಅಳೆದು ನೋಡಿಯೇ ಬರೆಯುತ್ತಿದ್ದೇವೆ. ಹೊಸಬರಿಗೆ ಆ ಅವಕಾಶವಿಲ್ಲ, ಅವರು ಕೈಪಿಡಿಯನ್ನೇ ನಂಬುತ್ತಾರೆ.

ಮೊದಲು ಕಣ್ಣಿನ ವಿಚಾರ. ಇದು ಒಂದು ದಿನವೂ ತಡೆಯುವಂಥದ್ದಲ್ಲ. ಕಿಟ್ಟಿನಲ್ಲಿ ಬಂದ ಹಸಿರು ಕನ್ನಡಕದ ಮೇಲೆ ಯಾವ ತರಂಗಾಂತರಕ್ಕೆ, ಎಷ್ಟು ಓಡಿ (ಬೆಳಕನ್ನು ಎಷ್ಟು ತಡೆಯುತ್ತದೆ ಎಂಬ ಅಳತೆ) ಎಂದು ಎಲ್ಲಿಯೂ ಮುದ್ರಿಸಿಲ್ಲ. ಈ ಲೇಸರ್‌ನದು 450 ನ್ಯಾನೋಮೀಟರ್‌ನ ನೀಲಿ ಬೆಳಕು. ಅರ್ಧ ವ್ಯಾಟ್ ದಾಟಿದರೇ 4ನೇ ವರ್ಗದ, ಅಂದರೆ ಅತಿ ಅಪಾಯದ ವರ್ಗದ ಲೇಸರ್ ಆಗುತ್ತದೆ, ಇದು ಅದರ ಹತ್ತು ಪಟ್ಟು. 450ರಲ್ಲಿ ಓಡಿ 5 ಇದ್ದರೆ ಬೆಳಕಿನ ಲಕ್ಷದಲ್ಲೊಂದು ಪಾಲು ಮಾತ್ರ ಒಳಗೆ ಬರುತ್ತದೆ. ಗುರುತೇ ಇಲ್ಲದ ಕನ್ನಡಕದೊಳಗೆ ಎಷ್ಟು ಬರುತ್ತದೆ ಎಂದು ನೀವೂ ಹೇಳಲಾರಿರಿ. ಸಾಲದ್ದಕ್ಕೆ ಮಾರ್ಕಿಂಗ್ ಅಭ್ಯಾಸಕ್ಕೆ ಕೊಟ್ಟದ್ದು ಪಾಲಿಶ್ ಮಾಡಿದ ಬರೀ ಅಲ್ಯುಮಿನಿಯಂ ಬಿಲ್ಲೆ. ಅದರ ಮೇಲೆ 5 ವ್ಯಾಟ್ ಡಯೋಡ್‌ನಿಂದ ಗುರುತು ಮೂಡುವುದಿಲ್ಲ, ಕಿರಣದ ಬಹುಪಾಲು ತಿರುಗಿ ಕೋಣೆಗೇ ಚಿಮ್ಮುತ್ತದೆ. ಕಪ್ಪು ಆನೋಡೈಸ್ ಮಾಡಿದ ಬಿಲ್ಲೆ ಕೊಟ್ಟಿದ್ದರೆ ಮೇಲ್ಪದರದ ಬಣ್ಣ ಹೋಗಿ ಬಿಳಿಯ ಅಕ್ಷರ ಚೆನ್ನಾಗಿ ಮೂಡುತ್ತಿತ್ತು.

ಲೆದರ್ ಎಂದು ಕೊಟ್ಟ ತುಂಡು ಚರ್ಮವಲ್ಲ, ರೆಕ್ಸಿನ್. ಬಯಲಿನಲ್ಲಿ ಸಣ್ಣ ಚೂರಿನ ಮೇಲೆ ಪರೀಕ್ಷೆ ಮಾಡಿದೆವು: ಕಾದ ತಾಮ್ರದ ತಂತಿಯನ್ನು ಅದಕ್ಕೆ ತಾಗಿಸಿ ಮತ್ತೆ ಉರಿಗೆ ಹಿಡಿದಾಗ ಉರಿ ಹಸಿರಾಯಿತು. ಅಂದರೆ ಕ್ಲೋರಿನ್ ಇದೆ, ಪಿವಿಸಿ ಲೇಪವಿದೆ. ಇದನ್ನು ಲೇಸರ್‌ನಲ್ಲಿ ಸುಟ್ಟರೆ ಹೈಡ್ರೋಜನ್ ಕ್ಲೋರೈಡ್ ಏಳುತ್ತದೆ. ಕಣ್ಣು, ಗಂಟಲು ಉರಿಯುತ್ತವೆ. ಅದೇ ಹೊಗೆ ತೇವದ ಜೊತೆ ಸೇರಿ ಆಮ್ಲವಾಗಿ, ಯಂತ್ರವನ್ನು ಸಾಗಿಸುವ ಲೀಡ್ ಸ್ಕ್ರೂಗೂ ರಾಡ್‌ಗಳಿಗೂ ತುಕ್ಕು ಹಿಡಿಸುತ್ತದೆ. ಮಳೆಯೆಂದು ಕಿಟಕಿ ಮುಚ್ಚಿದ ಕೋಣೆಯಲ್ಲಿ ಇದನ್ನು ಮಾಡಿಸಿದ್ದು ಅಕ್ಷಮ್ಯ. ಕನ್ನಡದಲ್ಲೇ ಕಲಿಸುತ್ತೇವೆ ಎಂದವರು ಸುರಕ್ಷತೆಯ ಹಾಳೆಯೊಂದನ್ನು ಮಾತ್ರ ಇಂಗ್ಲಿಷಿನಲ್ಲಿ ಕೊಟ್ಟಿದ್ದೀರಿ!

ಇನ್ನು ಅಳತೆ. 100 ಮಿಮೀ ಚಲಿಸಲು ಹೇಳಿ 99.7 ಬಂದರೆ ನಿಯಂತ್ರಕದ $100 ಎಂಬ ಸೆಟ್ಟಿಂಗನ್ನು (ಒಂದು ಮಿಮೀ ಸಾಗಲು ಎಷ್ಟು ಹೆಜ್ಜೆ ಎಂಬ ಅಂಕಿ) 800ರಿಂದ 802.4ಕ್ಕೆ ಏರಿಸಿ ಎಂದು ಕೈಪಿಡಿ ಹೇಳುತ್ತದೆ. ಮೋಟರ್ ಒಂದು ಸುತ್ತಿಗೆ 200 ಹೆಜ್ಜೆ ಹಾಕುತ್ತದೆ, ಡ್ರೈವರ್ ಪ್ರತಿ ಹೆಜ್ಜೆಯನ್ನು 16 ಮೈಕ್ರೋಸ್ಟೆಪ್‌ಗಳಾಗಿ ಒಡೆಯುತ್ತದೆ, ಸ್ಕ್ರೂ ಒಂದು ಸುತ್ತಿಗೆ 4 ಮಿಮೀ ಸಾಗುತ್ತದೆ. 200 × 16 ÷ 4 ಮಾಡಿದರೆ 800. ಆ ಅಂಕಿ ಸರಿಯಾಗಿಯೇ ಇದೆ. ದಿಕ್ಕು ಬದಲಿಸಿ 10, 50, 100 ಮಿಮೀ ಚಲಿಸಿ ಡಯಲ್ ಗೇಜ್ ಮತ್ತು ವರ್ನಿಯರ್‌ನಲ್ಲಿ ಅಳೆದಾಗ ಮೂರರಲ್ಲೂ ಕಡಿಮೆ ಬಂದದ್ದು 0.3 ಮಿಮೀ. ಹೆಜ್ಜೆಯ ಲೆಕ್ಕ ತಪ್ಪಿದ್ದರೆ ಕೊರತೆ 0.03, 0.15, 0.3 ಎಂದು ದೂರದ ಜೊತೆ ಬೆಳೆಯಬೇಕಿತ್ತು. ಎಲ್ಲ ದೂರಕ್ಕೂ ಒಂದೇ ಕೊರತೆ ಎಂದರೆ ಅದು ಬ್ಯಾಕ್‌ಲ್ಯಾಶ್, ಅಂದರೆ ದಿಕ್ಕು ಬದಲಿಸುವಾಗ ಸಡಿಲದಲ್ಲಿ ಕಳೆದುಹೋಗುವ ಚಲನೆ: ಹಿತ್ತಾಳೆ ನಟ್ ಸಡಿಲವಿರಬೇಕು, ಇಲ್ಲವೇ ಮೋಟರನ್ನೂ ಸ್ಕ್ರೂವನ್ನೂ ಜೋಡಿಸುವ ಕಪ್ಲರ್‌ನ ಗ್ರಬ್ ಸ್ಕ್ರೂ (ತಲೆಯಿಲ್ಲದ ಪುಟ್ಟ ಸ್ಕ್ರೂ) ಬಿಗಿದಿರಲಿಕ್ಕಿಲ್ಲ. ನಮ್ಮ ಯಂತ್ರದಲ್ಲಿ ಗ್ರಬ್ ಸ್ಕ್ರೂವೇ ಸಡಿಲವಿತ್ತು. ನೀವು ಹೇಳಿದಂತೆ 802.4 ಹಾಕಿದರೆ 100 ಮಿಮೀ ಸರಿಹೋದಂತೆ ಕಾಣುತ್ತದೆ ಅಷ್ಟೇ. 10 ಮಿಮೀ ಕೇಳಿದರೆ 9.73 ಬರುತ್ತದೆ, 200 ಕೇಳಿದರೆ 200.3. ಸಡಿಲ ಸ್ಕ್ರೂವನ್ನು ಸಾಫ್ಟ್‌ವೇರ್‌ನಲ್ಲಿ ಮುಚ್ಚಿಡುವುದನ್ನು ಕಲಿತವನು ಮುಂದೆ ಯಾವ ಯಂತ್ರವನ್ನೂ ಸರಿಯಾಗಿ ಸೆಟ್ ಮಾಡಲಾರ.

ಆಕ್ರಿಲಿಕ್‌ಗೆ ಎರಡು ಹಲ್ಲಿನ 3.175 ಮಿಮೀ ಬಿಟ್, 10,000 ಆರ್‌ಪಿಎಂ, ಫೀಡ್ (ಬಿಟ್ ಮುಂದೆ ಸಾಗುವ ವೇಗ) ನಿಮಿಷಕ್ಕೆ 100 ಮಿಮೀ ಎಂದಿದೆ. ಪ್ರತಿ ಹಲ್ಲಿಗೆ ಸಿಗುವ ಚಿಪ್ 0.005 ಮಿಮೀ. ಇಷ್ಟಕ್ಕೆ ಹಲ್ಲು ಕತ್ತರಿಸುವುದಿಲ್ಲ, ಉಜ್ಜುತ್ತದೆ. ಉಜ್ಜಿದ ಬಿಸಿಗೆ ಆಕ್ರಿಲಿಕ್ ಕರಗಿ ಬಿಟ್‌ಗೆ ಮೆತ್ತಿಕೊಳ್ಳುತ್ತದೆ. ತರಗತಿಯಲ್ಲಿ ಮುರಿದ ಬಿಟ್‌ಗಳಿಗೆ ಕಾರಣ ಇದೇ, ನಿಮ್ಮ ತರಬೇತುದಾರರು ಹೇಳಿದಂತೆ ಕಲಿಯುವವರ ಅವಸರವಲ್ಲ. ಒಂದೇ ಹಲ್ಲಿನ ಬಿಟ್, ಕಾಸ್ಟ್ (ಎರಕ ಹೊಯ್ದ) ಆಕ್ರಿಲಿಕ್, ಫೀಡ್ ನಿಮಿಷಕ್ಕೆ 500 ಮಿಮೀ, ಪ್ರತಿ ಬಾರಿ ಬಿಟ್ ಹಾದುಹೋಗುವಾಗ 0.3 ಮಿಮೀ ಆಳ ಕೊಟ್ಟಾಗ ಅದೇ ಯಂತ್ರದಲ್ಲಿ ಅಂಚು ಸ್ವಚ್ಛವಾಗಿ ಬಂತು.

ಲೇಸರ್ ಮೋಡ್ ಹಾಕುವ, ತೆಗೆಯುವ $32 ಎಂಬ ಸೆಟ್ಟಿಂಗಿನ ಬಗ್ಗೆ ಕೈಪಿಡಿಯಲ್ಲಿ ಒಂದು ಸಾಲೂ ಇಲ್ಲ. ಲೇಸರ್ ಹಾಕಿದಾಗ ಅದು 1 ಆಗಬೇಕು. 0 ಇದ್ದರೆ ಶಕ್ತಿ ಬದಲಾದಾಗಲೆಲ್ಲ ಯಂತ್ರ ಕ್ಷಣ ನಿಲ್ಲುತ್ತದೆ, ಕಿರಣ ನಿಲ್ಲುವುದಿಲ್ಲ. ಕಪ್ಪು ಚುಕ್ಕೆ ಬೀಳುತ್ತದೆ. ಮೂಲೆಗಳಲ್ಲಿ ಸುಡದಿರಲು ಒಂದೇ ಶಕ್ತಿಯಲ್ಲಿ ಉರಿಸುವ ಎಂ3 ಆದೇಶದ ಬದಲು, ವೇಗ ತಗ್ಗಿದಂತೆ ಶಕ್ತಿಯನ್ನೂ ತಗ್ಗಿಸುವ ಎಂ4 ಬಳಸಬೇಕು. ಮತ್ತೆ ಸ್ಪಿಂಡಲ್ (ಬಿಟ್ ತಿರುಗಿಸುವ ಮೋಟರ್) ಹಾಕುವಾಗ $32ನ್ನು 0ಗೆ ತರದಿದ್ದರೆ ವೇಗ ಹಿಡಿಯುವ ಮೊದಲೇ ಬಿಟ್ ಮರಕ್ಕೆ ನುಗ್ಗಿ ಮುರಿಯಬಹುದು.

450 ನ್ಯಾನೋಮೀಟರ್ ಮತ್ತು ಓಡಿ ಎರಡೂ ಮುದ್ರಿಸಿರುವ ಆರು ಕನ್ನಡಕಗಳನ್ನು 7 ದಿನದೊಳಗೆ ಕಳುಹಿಸಿ. ಅಲ್ಲಿಯವರೆಗೆ ಯಾವ ಬ್ಯಾಚಿನಲ್ಲೂ ಲೇಸರ್ ಹಚ್ಚಿಸಬೇಡಿ, ಈಗಾಗಲೇ ಕಿಟ್ ಕೊಂಡವರಿಗೂ ತಿಳಿಸಿ. ರೆಕ್ಸಿನ್ ವಾಪಸು ಪಡೆಯಿರಿ. ತಿದ್ದಿದ ಕೈಪಿಡಿ ಮತ್ತು ಸುರಕ್ಷತೆಯ ಹಾಳೆಯನ್ನು ಕನ್ನಡದಲ್ಲಿ ಕೊಟ್ಟು, ಲೇಸರ್ ತರಗತಿಯನ್ನು ಬಲ್ಲವರಿಂದ ಮತ್ತೊಮ್ಮೆ ಮಾಡಿಸಿ. ಆಗದಿದ್ದರೆ ತರಬೇತಿಯ ಶುಲ್ಕ ಪೂರ್ತಿ ಹಿಂತಿರುಗಿಸಿ. 15 ದಿನದೊಳಗೆ ಬರಹದಲ್ಲಿ ಉತ್ತರ ಬರದಿದ್ದರೆ 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೂ, ಅನಂತರ ಗ್ರಾಹಕ ಸಂರಕ್ಷಣಾ ಕಾಯ್ದೆ 2019ರ ಅಡಿ ಪುಣೆಯ ಜಿಲ್ಲಾ ಗ್ರಾಹಕ ಆಯೋಗಕ್ಕೂ ಹೋಗುತ್ತೇವೆ. ಕನ್ನಡಕದ ಮತ್ತು ಕೈಪಿಡಿಯ ಪುಟಗಳ ಫೋಟೋ, ಅಳತೆಯ ಪಟ್ಟಿ, ರಸೀದಿಯ ಪ್ರತಿ ಲಗತ್ತಿಸಿದ್ದೇವೆ.

ಇಂತಿ,
ಭಾನುವಾರದ ಬ್ಯಾಚಿನ ಆರು ಮಂದಿ
(ಸಹಿಗಳು)