ಗಿಡದ ಫೋಟೋ ಸಾಕು, ಕರೆಂಟ್ ಬಿಲ್ ತೋರಿಸಿ

ಸಂಪಾದಕರಿಗೆ ನಮಸ್ಕಾರ.

ಜೂನ್ 5ರ ಪರಿಸರ ದಿನದ ಮಾರನೇ ದಿನ ನಿಮ್ಮ ಪತ್ರಿಕೆಯಲ್ಲಿ ನಮ್ಮೂರಿನ ಪರಿಸರ ಸಮಿತಿಯ ಫೋಟೋ ಬಂದಿತ್ತು. ಒಂದು ಗಿಡ, ಅದಕ್ಕೆ ಒಂಬತ್ತು ಕೈ. ಎಡಗಡೆ ಕೊನೆಯಲ್ಲಿ ಕೊಡೆ ಹಿಡಿದು ಅರ್ಧ ಮುಖ ಕಾಣಿಸುತ್ತಿರುವವಳು ನಾನೇ. ಹಾಕಿದ್ದಕ್ಕೆ ಥ್ಯಾಂಕ್ಸ್, ಅತ್ತೆ ಅದನ್ನು ಕತ್ತರಿಸಿ ಇಟ್ಟುಕೊಂಡಿದ್ದಾರೆ. ಆದರೆ ಅವತ್ತಿನಿಂದ ಪೇಟೆಯಲ್ಲಿ ಯಾರು ಸಿಕ್ಕರೂ "ನಿಮ್ಮದು ಗಿಡ ನೆಡೋ ಸಮಿತಿ ಅಲ್ವಾ?" ಅಂತ ಕೇಳುತ್ತಿದ್ದಾರೆ. ಅದಕ್ಕೇ ಈ ಕಾಗದ. ಕೊಡಗಿನಲ್ಲಿ ಗಿಡ ನೆಡುವುದಕ್ಕೆ ಸಮಿತಿ ಯಾಕೆ ಬೇಕು ಹೇಳಿ? ನೆಡದಿದ್ದರೂ ಹುಟ್ಟುತ್ತವೆ. ತೋಟದ ನೆರಳು ಮರದ ಕೊಂಬೆ ಕಡಿಸುವುದೇ ವರ್ಷ ವರ್ಷ ನಮಗೆ ದೊಡ್ಡ ಖರ್ಚು.

ನಮ್ಮ ಸಮಿತಿ ಹುಟ್ಟಿದ್ದು 2018ರ ಆಗಸ್ಟ್‌ನಲ್ಲಿ. ಆಗ ಅದಕ್ಕೆ ಸಮಿತಿ ಅಂತ ಹೆಸರೂ ಇರಲಿಲ್ಲ. ಎಲ್ಲೆಲ್ಲೂ ಗುಡ್ಡದ ಬರೆ ಕುಸಿದು ಜನ ಶಾಲೆಗಳಲ್ಲಿ ಬಂದು ಮಲಗಿದ್ದರಲ್ಲ, ಆಗ ನಾವೊಂದು ಹತ್ತು ಹನ್ನೆರಡು ಮಂದಿ ಅಲ್ಲಿ ಅನ್ನ ಬೇಯಿಸಲು ಹೋಗಿದ್ದೆವು. ಕರೆಂಟ್ ಇಲ್ಲ, ಫೋನ್ ಸತ್ತಿದೆ, ಟವರೂ ಸತ್ತಿದೆ. ರಾತ್ರಿ ಅಡುಗೆಗೆ ಬೆಳಕು ಅಂತ ಇದ್ದದ್ದು ಒಬ್ಬಾಕೆ ತೋಟದ ಕೆಲಸದವರ ಲೈನ್ ಮನೆಯಿಂದ ತಂದ ಸಣ್ಣ ಸೋಲಾರ್ ಲಾಟೀನು ಒಂದೇ. ಅದನ್ನು ಅಕ್ಕಿ ಚೀಲದ ಮೇಲೆ ಇಟ್ಟುಕೊಂಡು ಐದು ರಾತ್ರಿ ಕಳೆದೆವು. ಮಳೆ ನಿಂತ ಮೇಲೂ ಆ ಗುಂಪು ಚದುರಲಿಲ್ಲ, ಅಷ್ಟೇ. ರಿಟೈರ್ ಆದ ಒಬ್ಬರು ಲೈನ್‌ಮನ್, ಒಬ್ಬರು ಅಂಗನವಾಡಿ ಟೀಚರ್, ಇಬ್ಬರು ಆಟೋದವರು, ಹೈಸ್ಕೂಲ್ ಮಾಷ್ಟ್ರು, ನಾನು, ಹೀಗೆ. ದುಡ್ಡಿಲ್ಲ, ಬೋರ್ಡಿಲ್ಲ. ಸಭೆ ಮಾಡುವುದು ಮಾಷ್ಟ್ರ ಮನೆ ಜಗಲಿಯಲ್ಲಿ.

ನಾವು ಮಾಡುವ ಕೆಲಸ ಕೇಳಿದರೆ ನಗಬೇಡಿ. ಲೆಕ್ಕ ಬರೆಯುತ್ತೇವೆ.

ಕೊಡಗಿನಲ್ಲಿ ಯಾವ ತೋಟದ ಮನೆಗೆ ಹೋದರೂ ಒಂದು ಮಳೆ ಪುಸ್ತಕ ಇರುತ್ತದೆ. ಬೆಳಿಗ್ಗೆ ಎದ್ದು ಅಂಗಳದ ಮಾಪಕ ನೋಡಿ ಎಷ್ಟು ಇಂಚು, ಎಷ್ಟು ಸೆಂಟ್ (ಇಂಚಿನ ನೂರನೇ ಒಂದು ಪಾಲು) ಅಂತ ಬರೆದೇ ಕಾಫಿ ಕುಡಿಯುವುದು. ನಮ್ಮ ಮಾವ 1978ರಿಂದ ಬರೆದದ್ದು ಇವತ್ತಿಗೂ ಕಪಾಟಿನಲ್ಲಿದೆ. ಯಾವ ವರ್ಷ ಕಾಫಿ ಹೂ ಅರಳಿಸುವ ಹೂಮಳೆ ಎಷ್ಟು ಸೆಂಟ್ ಬಂತು ಅಂತ ಕೇಳಿದರೆ ನಿದ್ದೆಯಲ್ಲಿ ಹೇಳುತ್ತಾರೆ. ಅದೇ ಮಾವನಿಗೆ ಹೋದ ತಿಂಗಳು ಮನೆಯಲ್ಲಿ ಎಷ್ಟು ಯೂನಿಟ್ ಸುಟ್ಟಿತು ಅಂತ ಕೇಳಿ ನೋಡಿ. ನನ್ನ ಮುಖ ನೋಡುತ್ತಾರೆ. ಮೇಲಿನಿಂದ ಬೀಳುವುದರ ಲೆಕ್ಕ ನಮಗೆ ಗೊತ್ತು, ತಂತಿಯಲ್ಲಿ ಬರುವುದರ ಲೆಕ್ಕ ಗೊತ್ತಿಲ್ಲ.

ಒಂದು ದಿನ, ಬೆಳಿಗ್ಗೆ ಹನ್ನೊಂದು ಗಂಟೆಗೆ, ಸುಮ್ನೆ ನಮ್ಮ ಎರಡು ರಸ್ತೆಗಳಲ್ಲಿ ನಡೆದೆವು. ಬೀದಿದೀಪ 14 ಉರಿಯುತ್ತಿದ್ದವು. ಮಾರನೇ ದಿನವೂ 14. ಒಂದು ವಾರ ನೋಡಿದೆವು, ಅಷ್ಟೂ ದಿನ 14. ಒಂದೊಂದೂ 60 ವಾಟಿನದು. ಹಗಲು ಎಂಟು ಗಂಟೆ ಉರಿದರೆ ದಿನಕ್ಕೆ ಏಳು ಯೂನಿಟ್ ಹತ್ತಿರ, ತಿಂಗಳಿಗೆ ಸುಮಾರು 200 ಯೂನಿಟ್. ಗೃಹಜ್ಯೋತಿಯಲ್ಲಿ ಒಂದು ಮನೆಗೆ ಫ್ರೀಯಾಗಿ ಹೆಚ್ಚೆಂದರೆ ಸಿಗುವುದೂ ಅದೇ 200. ಅಂದರೆ ಒಂದು ಇಡೀ ಮನೆಯ ಕರೆಂಟನ್ನು ನಾವು ಸೂರ್ಯನಿಗೆ ಬೆಳಕು ತೋರಿಸಲು ಬಳಸುತ್ತಿದ್ದೆವು. ಎರಡೇ ರಸ್ತೆಯಲ್ಲಿ.

ಯಾಕೆ ಹೀಗೆ ಅಂತ ಹುಡುಕಿದರೆ ಕಾರಣ ಇನ್ನೂ ಚೆನ್ನಾಗಿದೆ. ಕಂಬದ ಮೇಲೆ ತುಕ್ಕು ಹಿಡಿದ ಒಂದು ಕಬ್ಬಿಣದ ಪೆಟ್ಟಿಗೆ. ಅದನ್ನು ನಾವು ಮುಟ್ಟುವ ಹಾಗಿಲ್ಲ, ಹಾಗಾಗಿ ಸಂಬಂಧಪಟ್ಟವರು ಬಂದು ತೆಗೆಯುವವರೆಗೆ ಕಾದೆವು. ಒಳಗೆ ಇರುವೆ ಗೂಡು, ಒಂದು ಹಲ್ಲಿ, ಮತ್ತೆ ಒಂದು ಟೈಮರ್. ನನ್ನ ವಾಚಿನಲ್ಲಿ ಹನ್ನೊಂದೂ ಹತ್ತು, ಟೈಮರಿನಲ್ಲಿ ರಾತ್ರಿ ಮೂರು. ಪಾಪ, ಅದರ ತಪ್ಪಲ್ಲ. ಒಳಗಿನ ಸಣ್ಣ ಬ್ಯಾಟರಿ ಸತ್ತಿದೆ, ಮಳೆಗಾಲದಲ್ಲಿ ಕರೆಂಟ್ ಹೋದಷ್ಟು ಹೊತ್ತು ಅದರ ಗಡಿಯಾರ ನಿಲ್ಲುತ್ತದೆ, ಬಂದ ಮೇಲೆ ಬಿಟ್ಟ ಜಾಗದಿಂದ ಓಡುತ್ತದೆ. ನಮ್ಮಲ್ಲಿ ಕರೆಂಟ್ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತು. ಟೈಮರ್ ಬದಲಾಯಿಸಿದರು, ದೀಪ ಆರಿತು.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ನಾವು ಮೊದಲು ಬೆಳಿಗ್ಗೆ ಆರಕ್ಕೇ ದೀಪ ಆರಿಸಿ ಅಂತ ಕೇಳಿದ್ದೆವು. ತೋಟದ ಕೆಲಸಕ್ಕೆ ಹೋಗುವ ಹೆಂಗಸರು ನಮ್ಮನ್ನು ನಿಲ್ಲಿಸಿ ಬೈದರು. "ಕಕ್ಕಡ ತಿಂಗಳ ಮಳೆ ಮಂಜಲ್ಲಿ ಆರು ಗಂಟೆಗೆ ಆನೆ ಎದುರಿಗೆ ನಿಂತ್ರೂ ಕಾಣಲ್ಲ, ನಿಮಗೇನಕ್ಕ, ನೀವು ಕಾರಲ್ಲಿ ಹೋಗ್ತೀರ." ಸರಿಯಾಗಿಯೇ ಹೇಳಿದರು. ಈಗ ಮಳೆಗಾಲದಲ್ಲಿ ಏಳು, ಬೇಸಿಗೆಯಲ್ಲಿ ಆರು. ಕರೆಂಟ್ ಉಳಿಸುವವರು ಮೊದಲು ಕತ್ತಲಲ್ಲಿ ನಡೆಯುವವರನ್ನು ಕೇಳಬೇಕಿತ್ತು, ನಮಗೆ ಹೊಳೆಯಲಿಲ್ಲ.

ಇನ್ನು ಸೋಲಾರ್ ವಿಷಯ. 2024ರಲ್ಲಿ ಪಿಎಂ ಸೂರ್ಯಘರ್ ಯೋಜನೆ ಬಂದ ಮೇಲೆ ನಮ್ಮ ಜಗಲಿಗೆ ಬರುವ ಜನ ಜಾಸ್ತಿಯಾದರು. ಒಂದು ಕಿಲೋವಾಟ್‌ಗೆ 30,000, ಎರಡಕ್ಕೆ 60,000, ಮೂರಕ್ಕೆ ಮತ್ತು ಅದಕ್ಕಿಂತ ಮೇಲಕ್ಕೆ 78,000 ರೂಪಾಯಿ ಸಬ್ಸಿಡಿ. ಮೊದಲು ಹಾಕಿಸಿದ್ದು ನಮ್ಮ ಮಾಷ್ಟ್ರೇ. ಬೇಸಿಗೆಯಲ್ಲಿ ಕಿಲೋವಾಟ್‌ಗೆ ದಿನಕ್ಕೆ ನಾಲ್ಕು ಯೂನಿಟ್ ಬರುತ್ತಿತ್ತು, ಬಂದವರಿಗೆಲ್ಲ ಮೊಬೈಲ್ ತೆಗೆದು ಗ್ರಾಫ್ ತೋರಿಸುತ್ತಿದ್ದರು. ಜುಲೈನಲ್ಲಿ ಮರ ಬಿದ್ದು ಮೂರು ದಿನ ಲೈನ್ ಹೋಯಿತು. ಮನೆ ಮೇಲೆ ಮೂರು ಕಿಲೋವಾಟ್ ಪ್ಯಾನಲ್, ಮನೆ ಒಳಗೆ ಮೇಣದಬತ್ತಿ. ಚಾ ಅಂಗಡಿಯವನು "ಏನ್ ಮಾಷ್ಟ್ರೇ, ಸೂರ್ಯ ಸಿಕ್ ಲೀವಾ?" ಅಂತ ಕೇಳಿದನಂತೆ.

ಆದದ್ದು ಇಷ್ಟೇ. ಬ್ಯಾಟರಿ ಇಲ್ಲದೆ ಲೈನಿಗೆ ಜೋಡಿಸಿದ ಸೋಲಾರ್, ಲೈನಿನಲ್ಲಿ ಕರೆಂಟ್ ಹೋದ ಕೂಡಲೇ ತಾನೂ ನಿಂತುಬಿಡುತ್ತದೆ. ಅದನ್ನು ಮಾಡಿರುವುದೇ ಹಾಗೆ. ನಮ್ಮ ಲೈನ್‌ಮನ್ ಅಣ್ಣ ಹೇಳಿದ ಮೇಲೆ ಎಲ್ಲರಿಗೂ ಅರ್ಥವಾಯಿತು: "ಲೈನ್ ಆಫ್ ಅಂತ ನಂಬಿ ನಾನು ಕಂಬ ಹತ್ತಿರ್ತೀನಿ. ನಿಮ್ಮ ಮನೆ ಪ್ಯಾನಲ್‌ನಿಂದ ಕರೆಂಟ್ ಲೈನಿಗೆ ಬಂದ್ರೆ ನಾನು ಕೆಳಗೆ ಇಳಿಯಲ್ಲ ಮಾಷ್ಟ್ರೇ, ನನ್ನನ್ನ ಇಳಿಸ್ತಾರೆ." ಮಾರಲು ಬಂದವರು ಇದನ್ನು ಮೊದಲೇ ಹೇಳಬೇಕಿತ್ತು, ಹೇಳಲಿಲ್ಲ. ಮಳೆಯಲ್ಲೂ ಬೆಳಕು ಬೇಕು ಅನ್ನುವವರು ಬ್ಯಾಟರಿಯೂ, ಲೈನ್ ಹೋದಾಗ ಅದರಿಂದ ಮನೆ ನಡೆಸುವ ಹೈಬ್ರಿಡ್ ಇನ್ವರ್ಟರೂ ಹಾಕಿಸಬೇಕು, ಅದಕ್ಕೆ ಖರ್ಚು ಜಾಸ್ತಿ. ಈಗ ನಮ್ಮ ಜಗಲಿಗೆ ಯಾರು ಬಂದರೂ ಸಬ್ಸಿಡಿ ಹೇಳುವ ಮೊದಲು ಇದನ್ನು ಹೇಳುತ್ತೇವೆ. ಆಮೇಲೆ ಮನೆಗೆ ಹೋಗಿ ಮೇಲೆ ನೋಡುತ್ತೇವೆ. ಸಿಲ್ವರ್ ಓಕ್ ಮರದ ನೆರಳು ಎಷ್ಟು ಹೊತ್ತಿಗೆ ಎಲ್ಲಿ ಬೀಳುತ್ತದೆ, ಮನೆಗೆ ಹೆಂಚಿನ ಮಾಡು ಇದೆಯೋ ತಾರಸಿಯೋ. ಒಂದು ಕೊಂಬೆಯ ನೆರಳು ಒಂದು ಪ್ಯಾನಲ್ ಮೇಲೆ ಬಿದ್ದರೂ ಸಾಲಿನಲ್ಲಿರುವ ಉಳಿದವುಗಳನ್ನೂ ಎಳೆದು ಹಾಕಬಹುದು. ಎರಡು ಮಳೆಗಾಲ ಕಳೆದರೆ ಪ್ಯಾನಲ್‌ನ ಕೆಳ ಅಂಚಿನಲ್ಲಿ ಪಾಚಿ ಹಸಿರು ಗೆರೆ ಎಳೆಯುತ್ತದೆ, ಅದನ್ನು ಒರೆಸಬೇಕು. ಮಾಷ್ಟ್ರು ಹಳೇ ಬನಿಯನ್ ಕಟ್ಟಿದ ಕೋಲು ಇಟ್ಟುಕೊಂಡಿದ್ದಾರೆ. ತೆಂಗಿನ ನಾರು, ಕಬ್ಬಿಣದ ಬ್ರಷ್ ಬೇಡ, ಗಾಜಿಗೆ ಗೀರು ಬೀಳಬಹುದು.

200 ಯೂನಿಟ್ ಫ್ರೀ ಇರುವಾಗ ಸೋಲಾರ್ ಯಾಕೆ ಅಂತ ಕೇಳುವವರಿಗೆ ನಮ್ಮಲ್ಲೂ ಉತ್ತರ ಇಲ್ಲ, ತಿಂಗಳಿಗೆ 50 ಯೂನಿಟ್ ಸುಡುವ ಮನೆಗೆ ಬೇಡವೇ ಬೇಡ, ಆ ದುಡ್ಡಲ್ಲಿ ಮನೆಯ ಮಾಡು ಸರಿ ಮಾಡಿಸಿಕೊಳ್ಳಿ ಅಂತಲೇ ಹೇಳುತ್ತೇವೆ. ನಮ್ಮ ಕಣ್ಣು ಇರುವುದು ಹೋಂಸ್ಟೇಗಳ ಮೇಲೆ. ಶನಿವಾರ ರಾತ್ರಿ ಎಂಟು ರೂಮು, ಎಂಟು ಗೀಸರ್. ನಮ್ಮ ಚಳಿಗೆ ಒಂದು ಬಕೆಟ್ ಬಿಸಿನೀರಿಗೆ ಅರ್ಧ ಯೂನಿಟ್‌ಗಿಂತ ಜಾಸ್ತಿ ಬೇಕು. ಬಂದವರು ಒಂದು ಬಕೆಟ್‌ಗೆ ನಿಲ್ಲುತ್ತಾರಾ?

ನಮ್ಮ ಜಿಲ್ಲೆಗೆ ಹೇಳಿ ಮಾಡಿಸಿದ್ದು ಅಂದರೆ ತೊರೆ ನೀರಿನ ಸಣ್ಣ ಟರ್ಬೈನ್. ಸೂರ್ಯ ಇಲ್ಲದ ತಿಂಗಳಲ್ಲಿ ನೀರು ಇರುತ್ತದಲ್ಲ. ಸೆಕೆಂಡಿಗೆ ಹತ್ತು ಲೀಟರ್ ನೀರು ಇಪ್ಪತ್ತು ಮೀಟರ್ ಎತ್ತರದಿಂದ ಪೈಪಿನಲ್ಲಿ ಇಳಿದರೆ, ಅಲ್ಲಿ ಇಲ್ಲಿ ನಷ್ಟ ಕಳೆದು, ಸುಮಾರು ಒಂದು ಕಿಲೋವಾಟ್ ಸಿಗುತ್ತದೆ. ಹಗಲೂ ರಾತ್ರಿ ತಿರುಗಿದರೆ ದಿನಕ್ಕೆ 24 ಯೂನಿಟ್. ಮಲೆನಾಡಿನ ಕೆಲವು ತೋಟಗಳಲ್ಲಿ ವರ್ಷಗಳಿಂದ ತಿರುಗುತ್ತಿವೆ. ತಲೆನೋವು ಒಂದೇ, ಜಾಲರಿಗೆ ಎಲೆ ಸಿಕ್ಕಿಕೊಳ್ಳುತ್ತದೆ, ಮಳೆಯಲ್ಲಿ ಹೋಗಿ ತೆಗೆಯುವವರು ಬೇಕು. ಪೇಟೆ ಮನೆಗಳಿಗೆ ಆಗದ ಮಾತು, ತೋಟದವರು ಯೋಚಿಸಿ.

ನಮ್ಮದು ಎಲ್ಲವೂ ಗೆದ್ದಿಲ್ಲ. ಹೊರಗಿನಿಂದ ಬಂದ ಒಬ್ಬರ ಮಾತು ಕೇಳಿ ಹೋಟೆಲ್ ಎಂಜಲಿನಿಂದ ಬಯೋಗ್ಯಾಸ್ ಮಾಡೋಣ ಅಂತ ಹೊರಟೆವು. ಹೋಟೆಲ್ ಹೋಟೆಲ್‌ಗೆ ಹೋದರೆ ಎಂಜಲೇ ಇಲ್ಲ! ಹಂದಿ ಸಾಕುವವರು ದಿನಾ ಡ್ರಮ್ಮು ತಂದು ತುಂಬಿಕೊಂಡು ಹೋಗುತ್ತಾರೆ. ಕೊಡಗಿನಲ್ಲಿ ಪಂದಿಯ ಜೊತೆ ಪೈಪೋಟಿಗೆ ಇಳಿಯುವಷ್ಟು ಧೈರ್ಯ ನಮಗಿಲ್ಲ. ಬಿಟ್ಟೆವು.

ಈಗ ಮುಖ್ಯ ವಿಷಯ. ದೀಪ ಎಣಿಸಿದ ಮೇಲೆ ನಮಗೆ ಇಡೀ ಊರಿನ ಬಿಲ್ ನೋಡಬೇಕು ಅನಿಸಿತು. ಸಂಬಂಧಪಟ್ಟ ಕಚೇರಿಗೆ ಹೋದೆವು. ಯಾವುದು ಅಂತ ಬರೆಯುವುದಿಲ್ಲ, ಜಗಳ ಬೇಡ. ನಾಳೆ ಬನ್ನಿ ಅಂದರು. ನಾಲ್ಕನೇ ಸಲ ಹೋದಾಗ "ನಿಮಗ್ಯಾಕಮ್ಮ ಅದೆಲ್ಲ?" ಅಂತ ಕೇಳಿದರು. "ಕಟ್ಟೋದು ನಮ್ಮ ದುಡ್ಡಲ್ವಾ ಸಾರ್" ಅಂದೆ. ಕೊನೆಗೆ ಹತ್ತು ರೂಪಾಯಿ ಪೋಸ್ಟಲ್ ಆರ್ಡರ್ ಹಚ್ಚಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆವು. ಮೂವತ್ತು ದಿನ ದಾಟಿದ ಮೇಲೆ ಜೆರಾಕ್ಸ್ ಬಂತು. ಅರ್ಧ ಮಸಿ, ಆದರೂ ಓದಬಹುದು. ಬೀದಿದೀಪದ ಮೀಟರುಗಳು ಒಂದು ಕಡೆ, ಕುಡಿಯುವ ನೀರಿನ ಪಂಪು ಇನ್ನೊಂದು ಕಡೆ. ದೀಪಕ್ಕಿಂತ ಪಂಪಿನದೇ ದೊಡ್ಡದು! ನಮ್ಮದು ಗುಡ್ಡದ ಊರು, ನೀರನ್ನು ಎತ್ತಬೇಕು. ಸಾವಿರ ಲೀಟರ್ ನೂರು ಮೀಟರ್ ಮೇಲಕ್ಕೆ ಹೋಗಲು ಸುಮಾರು ಅರ್ಧ ಯೂನಿಟ್ ಬೇಕು. ಹಾಗೆ ಎತ್ತಿದ ನೀರು ಬಸ್ ಸ್ಟ್ಯಾಂಡ್ ಹಿಂದಿನ ವಾಲ್ವಿನಲ್ಲಿ ಸೋರಿ ಚರಂಡಿ ಹಿಡಿದು ವಾಪಸ್ ಹೊಳೆಗೇ ಹೋಗುತ್ತದೆ. ನಾವು ಇಷ್ಟು ವರ್ಷ ಅದನ್ನು ನೀರು ಪೋಲು ಅಂತ ಮಾತ್ರ ನೋಡಿದ್ದೆವು. ಅಲ್ಲಿ ಸೋರುತ್ತಿರುವುದು ಕರೆಂಟ್ ಕೂಡ.

ನಮ್ಮ ತಲಕಾವೇರಿಯಿಂದ ಇಳಿದ ನೀರು ಶಿವನಸಮುದ್ರದಲ್ಲಿ ಟರ್ಬೈನ್ ತಿರುಗಿಸಿ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ಕರೆಂಟ್ ಕೊಟ್ಟಿತು, 1905ರಲ್ಲಿ ಬೆಂಗಳೂರಿಗೆ ಬೆಳಕು ಕೊಟ್ಟಿತು. ಆ ನೀರು ಹುಟ್ಟುವ ಜಿಲ್ಲೆಯವರು ನಾವು, ಒಂದು ಬಿಲ್ ನೋಡಲು ಅರ್ಜಿ ಹಾಕಬೇಕು.

ನಾವು ಕೇಳುವುದು ಇಷ್ಟೇ. ಪ್ರತಿ ತಿಂಗಳು ಬೀದಿದೀಪದ ಬಿಲ್ಲು, ನೀರಿನ ಪಂಪಿನ ಬಿಲ್ಲು, ಎರಡನ್ನೂ ಕಚೇರಿಯ ನೋಟಿಸ್ ಬೋರ್ಡಿಗೆ ಅಂಟಿಸಲಿ. ಗಮ್ ಬೇಕಾದರೆ ನಾವೇ ತರುತ್ತೇವೆ. ಇದೇನೂ ದೊಡ್ಡ ಬೇಡಿಕೆ ಅಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ ನಾಲ್ಕನೇ ಸೆಕ್ಷನ್ ತೆಗೆದು ನೋಡಿ, ಇಂಥ ಖರ್ಚಿನ ಮಾಹಿತಿಯನ್ನು ಯಾರೂ ಕೇಳುವ ಮೊದಲೇ ಜನರ ಮುಂದೆ ಇಡಬೇಕು ಅಂತಲೇ ಅಲ್ಲಿದೆ. ನಮ್ಮೂರು ಮಾತ್ರ ಅಲ್ಲ, ಮಡಿಕೇರಿ, ವಿರಾಜಪೇಟೆ, ಕುಶಾಲನಗರ, ಸೋಮವಾರಪೇಟೆ ಕಡೆಯ ಓದುಗರೂ ತಮ್ಮೂರಿನ ಬಿಲ್ ಕೇಳಲಿ. ಹನ್ನೆರಡು ತಿಂಗಳ ಬಿಲ್ ಪಕ್ಕ ಪಕ್ಕ ಇಟ್ಟು ನೋಡಿದರೆ ಯಾವ ತಿಂಗಳು ಎಲ್ಲಿ ಏನೋ ಕೆಟ್ಟಿದೆ ಅಂತ ಏಳನೇ ಕ್ಲಾಸಿನ ಮಕ್ಕಳೂ ಹೇಳುತ್ತಾರೆ. ಮಾಷ್ಟ್ರು ಅವರಿಂದಲೇ ಹೇಳಿಸಿದರು.

ಮತ್ತೆ ಸಂಪಾದಕರೇ, ಮುಂದಿನ ಸಲ ನಿಮ್ಮ ಫೋಟೋಗ್ರಾಫರನ್ನು ಬೆಳಿಗ್ಗೆ ಹನ್ನೊಂದಕ್ಕೆ ಕಳಿಸಿ. ಪಕ್ಕದ ಮೂರು ರಸ್ತೆಗಳಲ್ಲಿ ಇನ್ನೂ ಹಗಲು ದೀಪ ಉರಿಯುತ್ತಿದೆ, ತೋರಿಸುತ್ತೇವೆ. ಈಗ ಮಂಜು, ಫೋಟೋ ಸರಿಯಾಗಿ ಬರಲಿಕ್ಕಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಬರುವ ಕೈಲ್‌ಪೊದ್ ಹಬ್ಬ ಕಳೆದ ಮೇಲೆ ಬಂದರೆ ಒಳ್ಳೆಯದು.

ಸಮಿತಿಯ ಒಬ್ಬ ಸದಸ್ಯೆ, ದಕ್ಷಿಣ ಕೊಡಗು
(ಹೆಸರು ಹಾಕಬೇಡಿ, ಊರು ಚಿಕ್ಕದು. ಆ ಕಚೇರಿಗೆ ಮತ್ತೆ ಹೋಗುವುದಿದೆ.)